ಹಡಗಿನ ಊಟಕ್ಕೆ ಬ್ಯಾಂಡಿನ ಕೋಟು

“ಇವತ್ತು ನಮ್ಮ ಮದುವೆಯಾದ ದಿನ, ಒಂದು ಹಾಡು ನುಡಿಸುತ್ತೀರಾ?” ಎಂದು ವಿದೇಶಿ ಅಜ್ಜಿಯೊಬ್ಬರು ಇಂಗ್ಲಿಷಿನಲ್ಲಿ ಕೇಳಿದಾಗ ನನ್ನ ಗಂಡ ಬೆಪ್ಪಾದರು. ನಾವು ಪ್ರವಾಸ ಹೋಗಿದ್ದ ಕ್ರೂಸ್ ಹಡಗಿನಲ್ಲಿ ಆ ಸಂಜೆಯ ವಿಶೇಷ ಊಟಕ್ಕೆ ಕೋಟು ಕಡ್ಡಾಯ. ಮಾವು ಬೆಳೆಯುವ ಇವರ ಬಳಿ ಕೋಟೆಲ್ಲಿ? ಶ್ರೀನಿವಾಸಪುರದ ಬ್ಯಾಂಡ್‌ಸೆಟ್ ಗೆಳೆಯನ ಕೆಂಪು ಕೋಟನ್ನೇ ತಂದಿದ್ದರು. ಹೆಗಲಿಗೆ ಜರಿಯ ಕುಚ್ಚು ಬೇರೆ!

“ನನ್ನನ್ನ ವಾದ್ಯದವನು ಅಂದ್ಕೊಂಡವ್ರೆ, ಏನೇ ಮಾಡ್ಲಿ?”

“ಯಾವ್ದಾದ್ರೂ ಸೋಬಾನೆ ಹಾಡ್ಬಿಡ್ರಿ,” ಎಂದು ನಾಚಿಕೆಯಿಂದ ತಲೆ ತಗ್ಗಿಸಿದೆ.

ಇವರು ಕಣ್ಣು ಮುಚ್ಚಿ ಹಾಡಿಯೇ ಬಿಟ್ಟರು. ಅಜ್ಜ ಎದ್ದು ಬಂದು ಅಜ್ಜಿಯ ಕೈ ಹಿಡಿದು ಮೆಲ್ಲಗೆ ಕುಣಿದರು. ನನ್ನ ನಾಚಿಕೆ ಎಲ್ಲಿ ಹೋಯಿತೋ, ನಾನೂ ದನಿಗೂಡಿಸಿದೆ.

ಇವರಿಗೆ ಹಾಡಲು ಬರುತ್ತದೆಂದು ನನಗೆ ತಿಳಿದದ್ದೇ ಅಂದು. ಈಗ ತೋಟದಲ್ಲೂ ಹಾಡುತ್ತಾರೆ, ಸಾಕೆಂದರೂ ನಿಲ್ಲಿಸುವುದಿಲ್ಲ.