ಸಾಲಿನ ಕೊನೆಗೆ ನಡೆಯುವವ

ಧುಪದಾಳದ ಒಡ್ಡಿನ ಮೇಲಿಂದ ಬೀಳುವ ನೀರಿನ ಸದ್ದಿಗೆ ಪಕ್ಕದವರ ಮಾತೂ ಸರಿಯಾಗಿ ಕೇಳಿಸದು. ಮೂಡಣ ಈಗಷ್ಟೇ ಕೆಂಪೇರುತ್ತಿದೆ. ಹುಣಸೆಮರದ ಬುಡದಲ್ಲಿ ಮಲಗಿದ್ದ ಒಂಬತ್ತು ಮಂದಿ ಕಂಬಳಿ ಕೊಡವಿ ಏಳುವಷ್ಟರಲ್ಲಿ ಬೀರಸಿದ್ದಪ್ಪ ಮೂರು ಕಲ್ಲು ಹೂಡಿ ನೀರು ಕಾಯಿಸಿ ಇಳಿಸಿದ್ದಾನೆ. ಪಕ್ಕದಲ್ಲಿ ಮುಳ್ಳು ಕೀಳುವ ಚಿಮಟಿಗೆ, ಅರಿಸಿನದ ಡಬ್ಬಿ, ಔಡಲೆಣ್ಣೆ, ಹಳೆಯ ಧೋತರ ಹರಿದು ಮಾಡಿದ ಪಟ್ಟಿಗಳು. ಒಬ್ಬೊಬ್ಬರಾಗಿ ಬಂದು ಕಲ್ಲಿನ ಮೇಲೆ ಕೂತು ಅವನ ಮುಂದೆ ಕಾಲು ಚಾಚುತ್ತಾರೆ.

ಈ ವರ್ಷ ಹೊಸದಾಗಿ ಸೇರಿದ ತರುಣ ವಕೀಲರು ಮಾತ್ರ ಕಾಲು ಹಿಂದಕ್ಕೆಳೆದುಕೊಳ್ಳುತ್ತಾರೆ. "ಬ್ಯಾಡ ಬೀರಸಿದ್ದಪ್ಪ. ನಮ್ಮಪ್ಪನ ವಯಸ್ಸಿನ್ಯಾಂವ ನೀ. ನನ್ನ ಕಾಲ ಮುಟ್ಟೂದು ಛಲೋ ಅಲ್ಲ."

"ತೋರಸ್ರಿ ಸಾಹೇಬ್ರ. ನೀವು ತೋರಸೂಮಟಾ ನಾ ಗಂಟು ಹೊರೂದಿಲ್ಲ."

ದನಿಯಲ್ಲಿ ಸಿಟ್ಟಿಲ್ಲ. ಆದರೆ ಅವನು ಏಳುವುದೂ ಇಲ್ಲ. ವಕೀಲರು ನಕ್ಕು ಕಾಲು ಚಾಚುತ್ತಾರೆ. ಬೀರಸಿದ್ದಪ್ಪ ಬೆರಳ ಸಂದುಗಳನ್ನು ಬಿಡಿಸಿ, ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಎಣ್ಣೆ ಸವರಿ ಬಿಡುತ್ತಾನೆ. ಒಂಬತ್ತು ಮಂದಿ, ಹದಿನೆಂಟು ಪಾದ. ಐದು ದಿನವೂ ಬೆಳಗಾದರೆ ಇದೇ ಮೊದಲ ಕೆಲಸ.

ಗೋಕಾಕದ ಕೆಲವು ಮಾಸ್ತರರು, ವಕೀಲರು, ಕಚೇರಿ ಗುಮಾಸ್ತರು ಸೇರಿಕೊಂಡು ಪ್ರತಿವರ್ಷ ದಸರೆಯ ಬನ್ನಿ ಹಬ್ಬ ಮುಗಿದ ಮೇಲೆ ಕಾಲ್ನಡಿಗೆಯ ಪ್ರವಾಸ ಹೊರಡುತ್ತಾರೆ. ಹಿಡಕಲ್, ಹುಕ್ಕೇರಿ ದಾಟಿ ಸಹ್ಯಾದ್ರಿಯ ತುದಿ ಮುಟ್ಟುವ ಹಾದಿ, ದಿನಕ್ಕೆ ಹತ್ತು ಹನ್ನೆರಡು ಮೈಲು. ತಮ್ಮ ತಮ್ಮ ಚೀಲ ಅವರವರ ಬೆನ್ನ ಮೇಲೆ. ಪಾತ್ರೆ, ಹಿಟ್ಟು, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ, ಹಗ್ಗ, ಕಂದೀಲು ಎಲ್ಲ ಬೀರಸಿದ್ದಪ್ಪನ ತಲೆಯ ಮೇಲೆ. ಹೊರೆ ಹೊತ್ತವನು ಸಾಲಿನ ಕೊನೆಗೆ ನಡೆಯುವುದು ರೂಢಿ. ಊರಿಗೆ ಮರಳಿದ ಮೇಲೆ ಇವರು ತೆಗೆಸಿದ ಫೋಟೋಗಳಲ್ಲಿ ಅವನಿಲ್ಲ.

ತುಕ್ಕಾನಟ್ಟಿಯ ಕುರಿಗಾರರ ಮನೆಯವನು. ಒಂದು ಮಳೆಗಾಲ ರೋಗ ಬಿದ್ದು ಹಿಂಡೆಲ್ಲ ಸತ್ತ ಮೇಲೆ ರೈಲು ಸ್ಟೇಷನ್ನಿನಲ್ಲಿ ಹಮಾಲಿಗೆ ನಿಂತ. ಅಲ್ಲಿ ಅವನ ನಡಿಗೆ ಕಂಡು ಮೆಚ್ಚಿದ ಹೆಡ್‌ಮಾಸ್ತರ ವೀರಪ್ಪನವರು ಹತ್ತೊಂಬತ್ತು ನೂರಾ ಇಪ್ಪತ್ತೈದನೆಯ ಇಸವಿಯಲ್ಲಿ ಮೊದಲ ಸಲ ಕರೆದೊಯ್ದರು. ಗುಂಪಿನ ಹಿರಿಯರು ಅವರೇ, ಇಂದಿಗೂ. ಈಗ ನಾಲ್ವತ್ತನೆಯ ಇಸವಿ. ನಡುವೆ ಎರಡು ವರ್ಷ ಮಾತ್ರ ಅವನು ಹೋಗಿಲ್ಲ.

ಯಾಕೆಂದು ತರುಣ ವಕೀಲರು ಕೇಳಿದರೆ ಚಿಮಟಿಗೆ ಒರೆಸಿ ಅರಿಸಿನದ ಡಬ್ಬಿಯ ಪಕ್ಕ ಇಡುತ್ತಾನೆ. ಆಮೇಲೆ ಹೇಳುತ್ತಾನೆ.

ಮೂವತ್ನಾಲ್ಕರಲ್ಲಿ ಮೂಡಲಗಿಯ ಕೇದಾರಿ ಮಾಸ್ತರರು ಗುಂಪಿಗೆ ಬಂದಿದ್ದರು. ಮೂವತ್ತರ ಹರೆಯ, ಹೊಸ ಬೂಟು. ಗುಡ್ಡವೆಂದರೆ ಹುಚ್ಚು. ದಾರಿಯುದ್ದಕ್ಕೂ ಗುರೆಳ್ಳಿನ ಹೊಲಗಳು ಹೂ ಬಿಟ್ಟು ಹಳದಿಯಾಗಿದ್ದವು. ಪ್ರತಿ ಹೊಲದ ಬದುವಿನಲ್ಲೂ ಅವರು ನಿಲ್ಲುತ್ತಿದ್ದರು. ಹೊರಟ ಮೂರನೆಯ ದಿನ, ಹುಕ್ಕೇರಿ ದಾಟಿದ ಮೇಲೆ, ನಿಲ್ಲುವುದು ಜಾಸ್ತಿಯಾಯಿತು. ಹೂವಿಗಾಗಿ ಅಲ್ಲವೆಂದು ಕೊನೆಗೆ ನಡೆಯುತ್ತಿದ್ದವನಿಗೆ ತಿಳಿಯಿತು. ಒಂದು ಹಳ್ಳದ ಬಳಿ ಮಾಸ್ತರರು ಬೂಟು ಬಿಚ್ಚಿದರು. ಹಿಮ್ಮಡಿಯ ಬೊಕ್ಕೆ ಒಡೆದು ಒಳಗಿನ ಕೆಂಪು ಮಾಂಸಕ್ಕೆ ಕೆಸರು ಮೆತ್ತಿತ್ತು.

"ವೀರಪ್ಪ ಮಾಸ್ತರ್ರಿಗೆ ಹೇಳ್ತೇನ್ರಿ," ಎಂದ ಬೀರಸಿದ್ದಪ್ಪ.

"ಬ್ಯಾಡೋ. ಹೇಳಿದ್ರ ಗಾಡಿ ಹತ್ತಿಸಿ ಮನಿಗೆ ಕಳಸ್ತಾರ. ಇನ್ನ ಎರಡ ದಿನದ ಹಾದಿ ಐತಿ. ಯಾರ ಮುಂದೂ ಹೇಳೂದಿಲ್ಲಂತ ಮಾತ ಕೊಡು."

ಅವನು ಮಾತು ಕೊಟ್ಟ. ಗಾಯ ತೊಳೆದು, ಅರಿಸಿನ ಒತ್ತಿ, ಪಟ್ಟಿ ಕಟ್ಟಿದ. ಅಷ್ಟಕ್ಕೇ ನಿಲ್ಲಲಿಲ್ಲ. ಮರುದಿನ ಮಾಸ್ತರರ ಚೀಲವನ್ನೂ ತನ್ನ ಹೊರೆಗೆ ಸೇರಿಸಿಕೊಂಡ. ಬೆನ್ನು ಹಗುರಾದ ಮಾಸ್ತರರು ಎಲ್ಲರ ಸರಿಸಮ ನಡೆದರು. ಅವರು ಕುಂಟುತ್ತಿದ್ದದ್ದು ಮುಂದಿನವರಾರಿಗೂ ಗೊತ್ತಾಗಲಿಲ್ಲ.

"ಅದs ನೋಡ್ರಿ ನನ್ನ ಕೊರಿಯೂದು," ಎನ್ನುತ್ತಾನೆ. "ಬಾಯಿ ಮುಚ್ಚಿದ್ದು ಒಂದ ತಪ್ಪು. ಚೀಲಾ ಹೊತ್ತದ್ದು ಎರಡನೇದು. ಚೀಲಾ ಹೊರದಿದ್ರ ಅವರು ಅವತ್ತs ಕುಂದರತಿದ್ರು. ಎಲ್ಲಾರಿಗೂ ತಿಳೀತಿತ್ತು."

ಐದನೆಯ ದಿನ ತುದಿ ಮುಟ್ಟಿದರು. ಕೆಳಗೆ ಕೊಂಕಣ ಮಂಜಿನಲ್ಲಿ ಅದ್ದಿಹೋಗಿತ್ತು. ಕೇದಾರಿ ಮಾಸ್ತರರು ಬಂಡೆಯ ಮೇಲೆ ಕೂತು ಸಂಜೆಯವರೆಗೆ ಅಲ್ಲಾಡಲಿಲ್ಲ. ನೋಡುವುದರಲ್ಲಿ ಮೈಮರೆತಿದ್ದಾರೆ ಎಂದುಕೊಂಡರು ಎಲ್ಲರೂ. ಮರುದಿನ ಬೆಳಿಗ್ಗೆ ಮೈ ಕೆಂಡವಾಗಿತ್ತು. ಹಿಮ್ಮಡಿಯಿಂದ ಮೊಣಕಾಲವರೆಗೆ ಕೆಂಪು ಗೆರೆ ಏರಿ, ಪಾದ ಕಪ್ಪಿಟ್ಟು ಊದಿತ್ತು.

ಗಾಡಿದಾರಿ ಏಳು ಮೈಲು ಕೆಳಗೆ. ಪಾತ್ರೆಗಳನ್ನೆಲ್ಲ ಅಲ್ಲಿಯೇ ಬಿಟ್ಟು ಬೀರಸಿದ್ದಪ್ಪ ಮಾಸ್ತರರನ್ನು ಬೆನ್ನ ಮೇಲೆ ಹೊತ್ತು ಇಳಿದ. ಹೆಗಲು ಬದಲಿಸಲು ಯಾರು ಬಂದರೂ ಕೊಡಲಿಲ್ಲ. ಗಾಡಿಯಲ್ಲಿ ಮಲಗಿಸಿದ ಮೇಲೆ ವೀರಪ್ಪನವರ ಮುಂದೆ ನಿಂತು ನಡೆದದ್ದನ್ನು ಹೇಳಿದ. ಅವರು ಅವನ ಮುಖ ನೋಡಿದರು. ಗಾಡಿ ಹತ್ತಿ ಮಾಸ್ತರರ ತಲೆಯ ಬಳಿ ಕೂತರು.

ಬೆಳಗಾವಿಯ ಆಸ್ಪತ್ರೆಯಲ್ಲಿ ಮಾಸ್ತರರ ಕಾಲನ್ನು ಮೊಣಕಾಲ ಕೆಳಗೆ ಕತ್ತರಿಸಿದರು. ಎರಡು ದಿನ ಮೊದಲೇ ಕರೆತಂದಿದ್ದರೆ ಕಾಲು ಉಳಿಯುತ್ತಿತ್ತು ಎಂದು ಡಾಕ್ಟರರು ಹೇಳಿದ ಮಾತು ಯಾರದೋ ಬಾಯಿಂದ ತುಕ್ಕಾನಟ್ಟಿಯವರೆಗೂ ಬಂತು.

ಮುಂದಿನ ಎರಡು ವರ್ಷ ವೀರಪ್ಪನವರು ಹೇಳಿಕಳಿಸಿದರೂ ಅವನು ಹೋಗಲಿಲ್ಲ. ಮೂರನೆಯ ವರ್ಷ ಹೆಂಡತಿ ಶಂಕ್ರವ್ವನೇ ಗಂಟು ಕಟ್ಟಿ ಬಾಗಿಲಲ್ಲಿಟ್ಟಳು. ಅವಳು ಆಡಿದ ಮಾತನ್ನು ಈಗಲೂ ಅವಳ ದನಿಯಲ್ಲೇ ಹೇಳುತ್ತಾನೆ: "ನೀ ಹೋಗಲಿಲ್ಲಂದ್ರ ಇನ್ನೊಬ್ಬಾಂವ ಹೊರತಾನ. ಆದ್ರ ಅಂವಗ ಏನ ನೋಡಬೇಕು ಅನ್ನೂದು ಗೊತ್ತಿರೂದಿಲ್ಲ. ನಿನಗ ಗೊತ್ತೈತಿ." ಅಂದಿನಿಂದ ಅವನದೊಂದೇ ಕರಾರು. ಬೆಳಗಾದರೆ ಪ್ರತಿಯೊಬ್ಬರೂ ಕಾಲು ತೋರಿಸಬೇಕು. ಗುಟ್ಟು ಯಾರದ್ದಾದರೂ ಅವನು ಇಟ್ಟುಕೊಳ್ಳುವುದಿಲ್ಲ. ಈ ನಾಲ್ಕು ವರ್ಷದಲ್ಲಿ ಮೂವರನ್ನು ಅರ್ಧ ದಾರಿಯಿಂದ ಗಾಡಿ ಹತ್ತಿಸಿದ್ದಾನೆ. ಅವರಲ್ಲಿ ಒಬ್ಬರು ಇಂದಿಗೂ ಅವನೊಡನೆ ಮಾತಾಡುವುದಿಲ್ಲ.

ತುಕ್ಕಾನಟ್ಟಿಯಿಂದ ಮೂಡಲಗಿ ದೂರವೇನಲ್ಲ. ಆದರೂ ಅಲ್ಲಿಗೆ ಹೋಗಲು ಅವನಿಗೆ ಐದು ವರ್ಷ ಬೇಕಾಯಿತು. ಹೋದ ವರ್ಷ ಒಂದು ಮುಂಜಾನೆ ಸಾಲೆಯ ಕಟ್ಟೆಯ ಬಳಿ ಹೋಗಿ ನಿಂತ. ಕೇದಾರಿ ಮಾಸ್ತರರು ಕಿಟಕಿಯಿಂದಲೇ ಗುರುತು ಹಿಡಿದರು. ಬಗಲಿಗೆ ಊರುಗೋಲು ಕೊಟ್ಟುಕೊಂಡು ಹೊರಗೆ ಬಂದು, ಕೈ ಹಿಡಿದು ಕೂಡಿಸಿ, ಚಹಾ ತರಿಸಿದರು.

"ಮಳಿ ಯಾವಾಗ ನಿಂತಿತು, ಹಳ್ಳದಾಗ ನೀರು ಎಷ್ಟ ಐತಿ, ತುದೀ ಮ್ಯಾಲ ಮಂಜು ಹೆಂಗಿತ್ತು, ಇದನ್ನs ಕೇಳಿದ್ರು ನೋಡ್ರಿ. ನಾ ತಪ್ಪಾತ್ರಿ ಅಂತ ಬಾಯಿ ತಗದ್ನಿ. 'ನೀ ಹೇಳಿದ್ರ ನಾ ತುದಿ ನೋಡ್ತಿದ್ದಿಲ್ಲೋ' ಅಂದು ನಕ್ರು."

ಬಿಸಿಲು ಒಡ್ಡಿನ ನೀರಿಗೆ ಬಿದ್ದಿದೆ. ಚೀಲ ಏರಿಸಿಕೊಂಡ ಒಂಬತ್ತು ಮಂದಿ ಹಿಡಕಲ್ಲಿನ ಹಾದಿ ಹಿಡಿದಿದ್ದಾರೆ. ಬೀರಸಿದ್ದಪ್ಪ ಸಿಂಬಿ ಸುತ್ತಿ ತಲೆಗಿಟ್ಟು, ಮಂಡಿಯೂರಿ ಹೊರೆ ಎತ್ತಿಕೊಳ್ಳುತ್ತಾನೆ. ಆ ಮಾಸ್ತರರಲ್ಲಿ ಬೇಡುವುದಾದರೆ ಏನು ಬೇಡುತ್ತೀ ಎಂದು ಸಾಲಿನಿಂದ ಹಿಂದುಳಿದ ತರುಣ ವಕೀಲರು ಕೇಳಿದ್ದಕ್ಕೆ ಎರಡು ಹೆಜ್ಜೆ ನಡೆದು ನಿಲ್ಲುತ್ತಾನೆ.

"ಮಾಸ್ತರ್ರು ನಗಬಾರದಿತ್ರಿ," ಎನ್ನುತ್ತಾನೆ. "ಒಂದ ಸಲ ಕುಂದರಿಸಿ, ಬಾಯಿ ತುಂಬ ಬೈಬೇಕಿತ್ತು ನನಗ."