ಕುದೇರಿನ ನೇರಳೆ ಪೈರು

ನಮ್ಮ ಬಿಸಿಲಿಗೆ ಒಗ್ಗುವ, ಸತ್ವವುಳ್ಳ ಕಪ್ಪಕ್ಕಿ ತಳಿಗಾಗಿ ಕೃಷಿ ಕಾಲೇಜಿನ ನಮ್ಮ ಮೇಷ್ಟ್ರು ಕುದೇರಿನಲ್ಲಿ ನಡೆಸಿದ ಪ್ರಯೋಗ ನೋಡಲು ಅವರ ಜೊತೆ ಸಂತೆಮರಹಳ್ಳಿ ಬಸ್ಸಿನಲ್ಲಿ ಬಂದಿಳಿದರೆ, ಗದ್ದೆಯಲ್ಲಿ ಆ ತಳಿಯ ನೇರಳೆ ಎಲೆಯ ಗಿಡ ಒಂದೂ ಇಲ್ಲ! ಕಳೆ ಕೀಳುವ ಮಾದಮ್ಮ ಹಸಿರಲ್ಲದ್ದನ್ನೆಲ್ಲ ಕಿತ್ತು ಬದುವಿನ ಮೇಲೆ ಹಾಕಿದ್ದಳು.

"ಬೆರಕೆ ಪೈರು ಅಂತ ಈಗ ತಾನೆ ಕಿತ್ತಾಕ್ಬುಟ್ಟೆ ಸಾಮಿ."

ಮೇಷ್ಟ್ರ ಮುಖ ಸುಣ್ಣವಾಯಿತು. "ಅಯ್ಯೋ, ನನ್ನ ತಳಿ!" ಎಂದು ನಾನು ಅವರ ಮೂಗುದನಿಯಲ್ಲೇ ಗೋಳಾಡಿದೆ. ಯಾರೂ ನಗಲಿಲ್ಲ.

ಬೇರು ಇನ್ನೂ ಹಸಿಯಾಗಿತ್ತು. ಪ್ಯಾಂಟು ಮಡಚಿ ಮತ್ತೆ ನೆಡಲು ಇಳಿದೆವು. ನಾನು ಇಳಿದವನೇ ಕೆಸರಿನಲ್ಲಿ ಅಂಗಾತ ಬಿದ್ದೆ.

"ಏಳ್ಲಾ ಮಗ, ನಿನ್ನ ನೆಟ್ರೆ ಬೇರು ಬುಡಾಕಿಲ್ಲ!" ಎಂದ ಮಾದಮ್ಮ, ನಾನು ಬಿದ್ದದ್ದನ್ನು ಹಾಗೇ ಅಭಿನಯಿಸಿದಳು. ಮೇಷ್ಟ್ರು ಬಿದ್ದು ಬಿದ್ದು ನಕ್ಕರು.

ಸಂಜೆಗೆ ನೇರಳೆ ಗಿಡಗಳೆಲ್ಲ ಗದ್ದೆಯಲ್ಲಿ ನಿಂತಿದ್ದವು. ಮಾದಮ್ಮ ಮಾತ್ರ ಬದುವಿನ ಮೇಲೆ ಇನ್ನೂ ನನ್ನಂತೆ ಬೀಳುತ್ತಲೇ ಇದ್ದಳು.