ಬಾಗಿಲ ಎಡಕ್ಕೆ ಒಂದು ಗೇಣು ಬಿಳಿ

ಹೊಳೆನರಸೀಪುರದ ಸಂತೆಬೀದಿಗೆ ಇನ್ನೂ ಸರಿಯಾಗಿ ಬೆಳಕು ಬಿಟ್ಟಿಲ್ಲ. ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿದೆ. ಉಡುಸಲಮ್ಮನ ಗುಡಿಯ ಮುಂದೆ ಮಾಯಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೆಮ್ಮಣ್ಣು ಕಲಸಿದ ಮಡಕೆಯನ್ನು ಕಾಲ ಬಳಿ ಇಟ್ಟುಕೊಂಡು ನಿಂತಿದ್ದಾರೆ. ನಿನ್ನೆ ಬಳಿದ ಸುಣ್ಣ ಒಣಗಿ ಗೋಡೆ ಬೆಳ್ಳಗಾಗಿದೆ. ಇವತ್ತು ಅದರ ಮೇಲೆ ಕೆಂಪು ಪಟ್ಟೆ ಏಳಬೇಕು.

ಅಳತೆಗೆ ಕೋಲಿಲ್ಲ, ದಾರವಿಲ್ಲ. ಹೆಬ್ಬೆರಳನ್ನು ಗೋಡೆಗೆ ಊರಿ, ಕಿರುಬೆರಳನ್ನು ಚಾಚಿ ಉಗುರಿನಿಂದ ಗೀರುತ್ತಾರೆ. ಒಂದು ಗೇಣು ಕೆಂಪು, ಒಂದು ಗೇಣು ಬಿಳಿ. ಬಾಗಿಲಿನ ಬಲಕ್ಕೆ ಮೊದಲ ಕೆಂಪು ಪಟ್ಟೆ ಚೌಕಟ್ಟಿಗೆ ಅಂಟಿಕೊಂಡೇ ಎದ್ದಿತು. ಅಲ್ಲಿಂದ ಮೂಲೆಯವರೆಗೆ ಹೋಗಿ, ಮತ್ತೆ ಬಾಗಿಲಿಗೆ ಬಂದು, ಎಡಗಡೆ ಶುರುಮಾಡುವಾಗ ಮಾತ್ರ ಮಾಯಮ್ಮ ಒಂದು ಗೇಣು ಜಾಗ ಬಿಟ್ಟು ಆಮೇಲೆ ಕೆಂಪು ಎಳೆಯುತ್ತಾರೆ. ಬದನೆಕಾಯಿ ಮಂಕರಿ ಹೊತ್ತು ಸಂತೆಗೆ ಬಂದ ಹೊಸಬನೊಬ್ಬ ಅದನ್ನು ಕಂಡು ನಿಲ್ಲುತ್ತಾನೆ.

"ಏನವ್ವಾ, ಬಾಗ್ಲು ತಾವ ಒಂದು ಪಟ್ಟೆ ಮರ್ತ್ಬುಟ್ಟಲ್ಲ!"

"ಮರ್ತಿಲ್ಲ ಕಣಪ್ಪ. ನೀನು ಓಗು, ನಿನ್ ಬದ್ನೆಕಾಯಿ ಬಾಡ್ತದೆ" ಎನ್ನುತ್ತಾರೆ ಮಾಯಮ್ಮ, ತಿರುಗಿಯೂ ನೋಡದೆ.

ನಾಳೆ ಯುಗಾದಿ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಪ್ರತಿ ಯುಗಾದಿಗೂ ಈ ಗುಡಿಯನ್ನು ಸಿಂಗರಿಸುತ್ತಾ ಬಂದಿರುವ ಮಾಯಮ್ಮ, ನಾಳೆ ಮೊದಲ ಸಲ ಇದರ ಬಾಗಿಲು ದಾಟಿ ಒಳಗೆ ಹೋಗುವವರಿದ್ದಾರೆ. ಎಡಕ್ಕೆ ಉಳಿದ ಆ ಬಿಳಿಗೂ ನಾಳೆಯ ಆ ಹೆಜ್ಜೆಗೂ ಸಂಬಂಧವಿದೆ. ಅದನ್ನು ಹೇಳುವ ಮೊದಲು ಅವರ ಕೆಲಸದ ಮಾತು ಆಡಬೇಕು, ಏಕೆಂದರೆ ಮಾಯಮ್ಮನನ್ನು ಮಾತಿಗೆ ಎಳೆದರೆ ಅವರು ಮೊದಲು ಆಡುವುದೂ ಅದನ್ನೇ.

ಮಾಯಮ್ಮನ ತವರು ಕಾವೇರಿ ದಂಡೆಯ ರಾಮನಾಥಪುರ. ಗಂಡ ಬೈರಯ್ಯ ಊರಾಚೆ ಸುಣ್ಣದ ಗೂಡಿನಲ್ಲಿ ಕಲ್ಲು ಸುಡುವ ಕೆಲಸಗಾರ. ಕುಂಚವನ್ನು ಕೈಗಿತ್ತವರು ಅತ್ತೆ ಬೆಟ್ಟಮ್ಮ. ಬೀದಿ ಬೀದಿಯ ಗುಡಿಗಳ ಹೊರಗೋಡೆ ಆ ಮನೆಯ ಹೆಂಗಸರ ಹಕ್ಕು, ಅತ್ತೆಯಿಂದ ಸೊಸೆಗೆ ಬರುವಂಥದ್ದು. "ನಮ್ಮತ್ತೆ ಗೇಣು ದೊಡ್ಡದು ಸಾ. ಅವ್ರ ಕಾಲ್ದಲ್ಲಿ ಈ ಗ್ವಾಡೆಗೆ ಪಟ್ಟೆ ಕಮ್ಮಿ. ನಂದು ಪುಟ್ಗೈ ನೋಡಿ, ಅದ್ಕೇ ಪಟ್ಟೆ ಜಾಸ್ತಿ ಆಗದೆ" ಎಂದು ಅಂಗೈ ಬಿಚ್ಚಿ ತೋರಿಸುತ್ತಾರೆ. ಸೊಸೆ ಕಾಲಿಟ್ಟ ಮೇಲೆ ಊರ ಗುಡಿಗಳಿಗೆಲ್ಲ ಪಟ್ಟೆ ಹೆಚ್ಚಿದವು ಎಂದು ಬೀದಿಯವರು ಆಗ ತಮಾಷೆ ಮಾಡುತ್ತಿದ್ದರಂತೆ.

ಗೂಡಿನಿಂದ ಬಂದ ಸುಣ್ಣವನ್ನು ಎರಡು ದಿನ ನೀರಿನಲ್ಲಿ ಕೊಳೆಹಾಕಿ, ಹಳೇ ಸೀರೆಯಲ್ಲಿ ಸೋಸಿ, ಗೋಡೆಗೆ ಕಚ್ಚಿಕೊಳ್ಳಲೆಂದು ಪಾಪಾಸುಕಳ್ಳಿಯ ಲೋಳೆ ಬೆರೆಸುತ್ತಾರೆ. ಬಿಳುಪು ಏಳಲು ಒಂದು ಚಿಟಿಕೆ ನೀಲಿ. ಕುಂಚವೂ ಅಂಗಡಿಯದಲ್ಲ, ಕತ್ತಾಳೆ ಎಲೆಯನ್ನು ಕಲ್ಲಿನ ಮೇಲೆ ಜಜ್ಜಿ ನಾರು ಬಿಡಿಸಿ ಕಟ್ಟಿದ್ದು. ಸುಣ್ಣ ಕೈ ತಿನ್ನುತ್ತದೆಂದು ಮೊಣಕೈವರೆಗೆ ಹರಳೆಣ್ಣೆ ಸವರಿಕೊಳ್ಳುತ್ತಾರೆ. ಆದರೂ ಬೆರಳ ಸಂದಿ ಬಿರಿಯುವುದು ತಪ್ಪುವುದಿಲ್ಲ. ಒಮ್ಮೆ ಕಣ್ಣಿಗೆ ಸಿಡಿದು ವಾರಗಟ್ಟಲೆ ಕಣ್ಣು ಕಟ್ಟಿಕೊಂಡು ಕತ್ತಲೆಯಲ್ಲಿ ಮಲಗಿದ್ದರು. ಎದ್ದ ಮೇಲೆ ಮಾಡಿದ ಮೊದಲ ಕೆಲಸ, ಅರ್ಧಕ್ಕೆ ಬಿಟ್ಟಿದ್ದ ಗೋಡೆಯನ್ನು ಮುಗಿಸಿದ್ದು.

ನಸುಕಿನಲ್ಲೇ ಯಾಕೆ ಬಳಿಯಬೇಕು ಎಂದು ಕೇಳಿದರೆ ಮಾಯಮ್ಮನಿಗೆ ನಗು. "ಬಿಸ್ಲು ಬಿದ್ದ ಗ್ವಾಡೆ ಸುಣ್ಣನ ಕುಡ್ಕೊಳಾಕಿಲ್ಲ ಸಾ, ಉಗುದ್ಬುಡ್ತದೆ. ತಣ್ಣಗಿದ್ದಾಗ ಕುಡುಸ್ಬೇಕು, ಮಕ್ಳಿಗೆ ಕುಡ್ಸಿದಂಗೆ."

ಶಿವರಾತ್ರಿ ಕಳೆಯಿತೆಂದರೆ ಯುಗಾದಿವರೆಗೆ ಅವರಿಗೆ ಪುರುಸೊತ್ತಿಲ್ಲ. ಅರಕಲಗೂಡಿನ ಪೇಟೆಯ ಗಣಪತಿ, ಚನ್ನರಾಯಪಟ್ಟಣದ ಕೆರೆ ಪಕ್ಕದ ಮುನೇಶ್ವರ, ಹಾಸನದ ಹಾದಿಯ ಸಣ್ಣಪುಟ್ಟ ಮಾರಮ್ಮಂದಿರು, ಎಲ್ಲರೂ ಇವರ ದಾರಿ ಕಾಯುತ್ತಾರೆ. ಮಡಕೆಗಳನ್ನು ಹೊತ್ತು ಬಸ್ಸು ಹತ್ತಿದರೆ ಕಂಡಕ್ಟರು "ಕೆಮ್ಮಣ್ಣವ್ವ ಬಂದ್ಲು, ಬಿಳೀ ಪಂಚೆಯೋರು ಕಾಲೆತ್ಕೊಳಿ!" ಎಂದು ಕೂಗುತ್ತಾನೆ. ದೊಡ್ಡ ದೇವಸ್ಥಾನಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ. ಇವು ಹಾಗಲ್ಲ. ಸಂತೆಗೆ ಹೋಗುತ್ತಾ ಚಪ್ಪಲಿ ಬಿಟ್ಟು ಒಂದು ಗಳಿಗೆ ಕೈಮುಗಿದು ಹೋಗುವ, ಮಗುವಿಗೆ ಜ್ವರ ಬಂದರೆ ಓಡಿಬಂದು ಕುಂಕುಮ ತೆಗೆದುಕೊಂಡು ಹೋಗುವ ಗುಡಿಗಳು.

ಮಾಯಮ್ಮನಿಗೆ ದೇವರ ಗುಣ ಗೋಡೆಯಿಂದ ಗೊತ್ತು. "ಗಣಪ್ಪಂಗೆ ಐಕ್ಳ ಕಾಟ ಸಾ. ಪರೀಕ್ಷೆ ಬಂತು ಅಂದ್ರೆ ಒರ್ಗಿ ಒರ್ಗಿ ನಿಂತು ಸೊಂಟದ ಮಟ್ಟ ಸುಣ್ಣನೇ ಇರಾಕಿಲ್ಲ. ಮುನಿಯಪ್ಪ ಪಾಪ, ಬರೀ ಸುಣ್ಣ ಒಡುದ್ರೆ ಸಾಕು, ತಕರಾರಿಲ್ಲ. ಉಡುಸ್ಲವ್ವ ಮಾತ್ರ ಸಿಂಗಾರಗಿತ್ತಿ." ಕೂಲಿಯೆಂದರೆ ಒಂದಿಷ್ಟು ರಾಗಿ, ಬೆಲ್ಲ, ತೆಂಗಿನಕಾಯಿ, ಹಬ್ಬಕ್ಕೊಂದು ಸೀರೆ. ಸಾಲದೆಂದು ಅವರು ಗೊಣಗಿದ್ದನ್ನು ಕೇಳಿದವರಿಲ್ಲ. ಗೊಣಗಬಹುದಿತ್ತು ಎಂದು ಮಾತ್ರ ಇಲ್ಲಿ ಹೇಳಬೇಕು.

ಇಷ್ಟು ಗುಡಿಗಳ ನಂಟಿದ್ದರೂ ಮಾಯಮ್ಮ ಯಾವ ಗುಡಿಯ ಒಳಗೂ ಹೋದವರಲ್ಲ. ಹೊರಗೋಡೆ ಅವರದು, ಒಳಗೋಡೆ ಬೇರೆಯವರದು. ಸಂತೆಬೀದಿಯ ಈ ಗುಡಿಯಲ್ಲಿ ಒಳಗಿನ ಕೆಲಸ ಪೂಜಾರಿ ಗುಂಡಯ್ಯನವರ ದಾಯಾದಿ ಚಂದ್ರಯ್ಯನವರದು. ಗುಂಡಯ್ಯ ಬಂದು ಬಾಗಿಲು ತೆಗೆಯುವ ಮೊದಲೇ ಮಾಯಮ್ಮ ಬಾಗಿಲ ಅಕ್ಕಪಕ್ಕದ ಕೆಲಸ ಮುಗಿಸಿ ದೂರ ಸರಿಯಬೇಕು. ಅತ್ತೆ ಹಾಕಿಕೊಟ್ಟ ರೂಢಿ ಅದು. ಸ್ವಾತಂತ್ರ್ಯ ಬಂದ ಮೇಲೆ, ಯಾರೂ ಯಾರನ್ನೂ ಗುಡಿಯೊಳಗೆ ಬರಬೇಡ ಅನ್ನುವಂತಿಲ್ಲ ಎಂಬ ಕಾನೂನು ಬಂದು ಏಳೆಂಟು ವರ್ಷವಾದ ಮೇಲೂ ರೂಢಿ ಹಾಗೇ ಇತ್ತು. "ಕಾನೂನು ಬಂತು ಸಾ. ಕಾಲು ಬರ್ಬೇಕಲ್ಲ" ಎನ್ನುತ್ತಾರೆ ಮಾಯಮ್ಮ.

ಎರಡು ವರ್ಷದ ಹಿಂದೆ, ಯುಗಾದಿಯ ಹಿಂದಿನ ದಿನ ಗುಂಡಯ್ಯ ಅಮಾವಾಸ್ಯೆಯ ಪೂಜೆಗೆಂದು ಹೊತ್ತಿಗೆ ಮುಂಚೆ ಬಂದುಬಿಟ್ಟರು. ಮಾಯಮ್ಮ ಬಲಗಡೆ ಮುಗಿಸಿ ಎಡಗಡೆಗೆ ಆಗತಾನೇ ಕೈಹಚ್ಚುವವರಿದ್ದರು. ಬಾಗಿಲು ತೆರೆಯಿತು. ಗುಂಡಯ್ಯ ದೀಪ ಹಚ್ಚಿದರು. ರೂಢಿಯಂತೆ ಮಾಯಮ್ಮ ಮಗ್ಗುಲಿಗೆ ಸರಿಯಬೇಕಿತ್ತು. ಸರಿಯಲಿಲ್ಲ, ನಿಂತು ನೋಡಿದರು.

"ಇಷ್ಟೆತ್ರ ಇರ್ತಾಳೆ, ಬೆಳ್ಳಿ ಕಣ್ಣು ಬುಟ್ಕೊಂಡು ಕುಂತಿರ್ತಾಳೆ ಅನ್ಕೊಂಡಿದ್ದೆ ಸಾ. ನೋಡುದ್ರೆ ಇಷ್ಟೇ ಇಷ್ಟು! ನಮ್ ಸಣ್ಣಕ್ಕ ಅಂಬೆಗಾಲಿಕ್ತಿದ್ದಾಗ ಇದ್ಲಲ್ಲ, ಅಷ್ಟು. ಅರಿಶ್ಣ ಮೆತ್ಕೊಂಡು ಕುಂತವ್ಳೆ. ಇಷ್ಟು ಪುಟ್ಟ ಅವ್ವುಂಗಾ ನಾನು ಇಷ್ಟುದ್ದ ಗ್ವಾಡೆ ಬಳ್ದಿದ್ದು ಅಂತ ನಗು ಬಂತು, ಅಳೂನೂ ಬಂತು." ಸಣ್ಣಕ್ಕ ಅವರ ಮಗಳು, ಈಗ ಸಾಲಗಾಮೆಯಲ್ಲಿ ಸಂಸಾರಸ್ಥೆ.

ಆ ಗುಂಗಿನಲ್ಲೇ ಮಾಯಮ್ಮ ಒಂದು ಗೇಣು ಆಚೆ ಸರಿದು ಕುಂಚ ಇಟ್ಟರು. ಪಟ್ಟೆ ಬಳಿಯುವವರಲ್ಲಿ ಒಂದು ಕಟ್ಟಳೆ ಇದೆ. ಬಾಗಿಲಿಗೆ ಎರಡೂ ಕಡೆ ಕೆಂಪೇ ತಾಗಬೇಕು, ಮುತ್ತೈದೆಯ ಹಣೆಯ ಕುಂಕುಮದ ಹಾಗೆ. ಎಡಗಡೆಯ ಮೂಲೆ ಮುಟ್ಟಿ ಹಿಂತಿರುಗಿ ನೋಡಿದಾಗ ಬಾಗಿಲ ಪಕ್ಕ ಬಿಳಿ ಉಳಿದಿತ್ತು. ಆ ಜಾಗಕ್ಕೆ ಕೆಂಪು ತುಂಬಿದರೆ ಎರಡು ಗೇಣಿನ ದಪ್ಪ ಪಟ್ಟೆಯಾಗಿ ಇನ್ನೂ ವಿಕಾರ. ಅಳಿಸೋಣವೆಂದರೆ ಕೆಮ್ಮಣ್ಣು ಒಂದು ಕೈ ಸುಣ್ಣಕ್ಕೆ ಮುಚ್ಚಿಹೋಗುವಂಥದ್ದಲ್ಲ. ಬೆಳಗಾದರೆ ಹಬ್ಬ. ಮಾಯಮ್ಮ ಕುಂಚ ಹಿಡಿದುಕೊಂಡು ಅಲ್ಲೇ ಕುಸಿದು ಕೂತರು.

ಗುಡಿಯ ಉಸ್ತುವಾರಿ ನೋಡಿಕೊಳ್ಳುವ ಬಟ್ಟೆ ಅಂಗಡಿಯ ಪುಟ್ಟರಾಜು ಬಂದು ನೋಡಿ ಕೆಂಡವಾದರು. ಹಾಸನದಿಂದ ಡಬ್ಬಿ ಬಣ್ಣ ತಂದು ಬಳಿಯುವವನೊಬ್ಬ ಆಗಲೇ ಅವರ ಬೆನ್ನು ಬಿದ್ದಿದ್ದ. "ಮುಂದ್ಲೊರ್ಸಕ್ಕೆ ಅವುನ್ನೇ ಕರುಸ್ತೀನಿ" ಎಂದುಬಿಟ್ಟರು. ಬೀದಿಯ ಹಿರಿಯರಾದ ನಂಜಮ್ಮ ಮಾತ್ರ ಕೋಲೂರಿಕೊಂಡು ಹತ್ತಿರ ಬಂದು ಕೇಳಿದರು.

"ಯಾಕ್ ಮಾಯಮ್ಮ, ಎಂದೂ ತಪ್ದೋಳು ಇವತ್ತೇನಾಯ್ತು?"

"ಅವ್ವುನ್ನ ನೋಡ್ಬುಟ್ಟೆ ಕಣವ್ವ."

ನಂಜಮ್ಮ ಒಂದು ಗಳಿಗೆ ಗೋಡೆ ನೋಡಿದರು, ಒಂದು ಗಳಿಗೆ ಮಾಯಮ್ಮನ ಮುಖ ನೋಡಿದರು. "ಅಂಗಾರೆ ಇರ್ಲಿ ಬುಡು. ಅವ್ವುನ್ನ ನೋಡಿ ಕೈ ತಪ್ಪಿದ್ದುನ್ನ ಅಳ್ಸಬಾರ್ದು. ಪುಟ್ರಾಜು, ಅದ್ನ ಯಾರೂ ಮುಟ್ಬ್ಯಾಡಿ" ಎಂದರು. ನಂಜಮ್ಮನ ಮಾತಿಗೆ ಸಂತೆಬೀದಿಯಲ್ಲಿ ಎದುರಾಡುವವರಿಲ್ಲ. ಗೋಡೆ ಉಳಿಯಿತು, ಮಾಯಮ್ಮನ ಹಕ್ಕೂ ಉಳಿಯಿತು. ಅಂದಿನಿಂದ ಪ್ರತಿ ಯುಗಾದಿಗೆ ಸುಣ್ಣ ಹೊಸದಾದರೂ ಆ ಒಂದು ಗೇಣನ್ನು ಮಾಯಮ್ಮ ಬಿಳಿಯಾಗೇ ಬಿಡುತ್ತಾರೆ. ಆದರೆ ಇಷ್ಟೆಲ್ಲ ಆದರೂ "ಒಳಗೆ ಬಂದು ನೋಡು" ಎಂದು ಮಾತ್ರ ಅವತ್ತು ಒಬ್ಬರ ಬಾಯಿಂದಲೂ ಬರಲಿಲ್ಲ.

ಮರುವರ್ಷ ಚಂದ್ರಯ್ಯನವರಿಗೆ ಮಂಡಿನೋವು ಹೆಚ್ಚಾಗಿ ಏಣಿ ಹತ್ತದಂತಾಯಿತು. ಪುಟ್ಟರಾಜು ತಾವೇ ಮಾಯಮ್ಮನನ್ನು ಕರೆಸಿ, "ಇನ್ಮ್ಯಾಕೆ ಒಳೀಕೂ ನೀನೇ ಸುಣ್ಣ ಒಡ್ಕೊಡಮ್ಮ" ಎಂದರು. ಬೇರೆ ಯಾರಾದರೂ ಆಗಿದ್ದರೆ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದು ಕುಣಿದಾಡುತ್ತಿದ್ದರು. ಮಾಯಮ್ಮ ಕುಣಿಯಲಿಲ್ಲ.

"ಒಡೀತೀನಿ ಸ್ವಾಮಿ. ಆದ್ರೆ ಕುಂಚ ಮುಂದಾಗಿ ಬರಾಕಿಲ್ಲ. ಮೊದ್ಲು ನಾನು ಎಲ್ರಂಗೆ ಅಣ್ಣುಕಾಯಿ ಇಡ್ಕೊಂಡು ಬತ್ತೀನಿ. ಆಮ್ಯಾಕೆ ಕುಂಚ."

ಮನೆಗೆ ಬಂದು ಅದನ್ನು ಹೇಳಿದಾಗ ಬೈರಯ್ಯ ಬೆದರಿದರು. "ಇರೋ ಗ್ವಾಡೆನೂ ಓಯ್ತದೆ ಕಣೇ. ಯಾಕೆ ಅಂಗಂದೆ?" ಎಂದು ತಲೆಮೇಲೆ ಕೈ ಹೊತ್ತು ಕೂತರು. ಆ ಭಯ ಸುಳ್ಳೇನಲ್ಲ. ಒಂದು ಗುಡಿ ತಪ್ಪಿದರೆ ಪಕ್ಕದ ಬೀದಿಯೂ ತಪ್ಪುತ್ತದೆ, ಆಮೇಲೆ ಪಕ್ಕದ ಊರೂ. ಮಾಯಮ್ಮನಿಗೂ ನಿದ್ದೆ ಹತ್ತಲಿಲ್ಲ. ಆದರೆ ಆಡಿದ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಕೆಲ್ಸಕ್ಕೆ ಅಂತ ಒಳೀಕೆ ಓದ್ರೆ ನಾನು ಕೆಲ್ಸದೋಳೇ ಸಾ. ಅವ್ವುನ್ ತಾವ್ಕೆ ಒಂದ್ಸಲನಾದ್ರೂ ಸುಮ್ಕೆ ಓಗ್ಬೇಕು" ಎಂದು ಈಗ ಹೇಳುತ್ತಾರೆ.

ಗುಡಿಯ ಹಿರಿಯರು ವರ್ಷವಿಡೀ ಮೀನಮೇಷ ಎಣಿಸಿದರು. ಒಳಗೋಡೆ ಹೊಗೆ ಕುಡಿಯುತ್ತಾ ಕಪ್ಪಾಯಿತು. ಕೊನೆಗೆ ಈ ಶಿವರಾತ್ರಿಯ ಮಾರನೇ ದಿನ ನಂಜಮ್ಮ ಜಗುಲಿಯ ಮೇಲೆ ಎಲ್ಲರನ್ನೂ ಕೂರಿಸಿಕೊಂಡು, "ವರ್ಸ ವರ್ಸಾನೂ ಅವ್ವುನ್ ಗ್ವಾಡೆ ಮುಟ್ಟೋ ಕೈ, ಅವ್ವುನ್ ಮುಂದೆ ಮುಗುದ್ರೆ ಏನಾಯ್ತದ್ರಪ್ಪಾ?" ಎಂದು ಕೇಳಿದರು. ಕಾನೂನು ಕೇಳಿದ್ದೂ ಇದನ್ನೇ. ನಂಜಮ್ಮ ಕೇಳಿದ್ದಕ್ಕೆ ಉತ್ತರ ಬೇಗ ಬಂತು, ಅಷ್ಟೇ. "ನಂದೇನೂ ಅಡ್ಡಿಲ್ಲ. ಅವತ್ತು ಬಾಗ್ಲು ತೆಗ್ದೋನೂ ನಾನೇ ಅಲ್ವಾ" ಎಂದು ಗುಂಡಯ್ಯ ನಕ್ಕರು. ಪುಟ್ಟರಾಜು ಎಲ್ಲರಿಗಿಂತ ಕೊನೆಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ, "ಯುಗಾದಿಗೆ ಬರ್ಲಿ" ಎಂದರು.

ಯುಗಾದಿಯ ಬೆಳಿಗ್ಗೆ. ಎಣ್ಣೆನೀರು ಹಾಕಿಕೊಂಡು, ಹೊಸ ಸೀರೆ ಉಟ್ಟು, ತಟ್ಟೆಯಲ್ಲಿ ಬಾಳೆಹಣ್ಣು, ತೆಂಗಿನಕಾಯಿ, ಹೂವು ಇಟ್ಟುಕೊಂಡು ಮಾಯಮ್ಮ ಬರುತ್ತಾರೆ. ಜೊತೆಗೆ ಬೈರಯ್ಯ, ಸಾಲಗಾಮೆಯಿಂದ ಮೊದಲ ಬಸ್ಸಿಗೆ ಬಂದಿಳಿದ ಸಣ್ಣಕ್ಕ. ಹರಳೆಣ್ಣೆ, ಸೀಗೇಕಾಯಿ ಎಷ್ಟು ತಿಕ್ಕಿದರೂ ಮಾಯಮ್ಮನ ಉಗುರ ಸಂದಿಯಲ್ಲಿ ಕೆಮ್ಮಣ್ಣಿನ ಗೆರೆ ಉಳಿದಿದೆ. ಹೊಸ್ತಿಲ ಬಳಿ ಕಾಲು ಒಂದು ಗಳಿಗೆ ತಡೆಯುತ್ತದೆ. "ಬಾರಮ್ಮಾ" ಎನ್ನುತ್ತಾರೆ ಒಳಗಿನಿಂದ ಗುಂಡಯ್ಯ. ಮಾಯಮ್ಮ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ದಾಟುತ್ತಾರೆ.

ಗುಂಡಯ್ಯ ಕಾಯಿ ಒಡೆದು, ಮಂಗಳಾರತಿ ತಟ್ಟೆ ಮುಂದೆ ಹಿಡಿಯುತ್ತಾರೆ. ಮಾಯಮ್ಮ ಕಣ್ಣಿಗೆ ಒತ್ತಿಕೊಂಡು, ಏನೂ ಬೇಡದೆ, ಆ ಪುಟ್ಟ ಮುಖವನ್ನೇ ನೋಡುತ್ತಾ ನಿಲ್ಲುತ್ತಾರೆ. ಅವರ ಹಿಂದೆ ನಿಂತವರಿಗೂ ಅವಸರವಿಲ್ಲ. ಬೈರಯ್ಯನ ಕಣ್ಣು ತುಂಬಿದೆ, ಅದನ್ನು ಅವರು ಮಂಗಳಾರತಿಯ ಹೊಗೆಯ ಮೇಲೆ ಹಾಕುತ್ತಾರೆ. ಹೊರಗೆ ಬಂದಾಗ ನಂಜಮ್ಮ ಬೇವು ಬೆಲ್ಲವನ್ನು ಅಂಗೈಗೆ ಹಾಕಿ ಕೇಳುತ್ತಾರೆ. "ಏನ್ ನೋಡ್ದೆ ಅಂತ ಏಳು."

"ಅವ್ವ ಚೆನ್ನಾಗವ್ಳೆ ಕಣವ್ವ. ಗ್ವಾಡೆ ಮಾತ್ರ ಬಾಣಲೆ ತಳ ಆದಂಗಾಗದೆ. ಅಬ್ಬ ಕಳೀಲಿ, ಬೆಳಗಿನ್ ಜಾವುಕ್ಕೆ ಬತ್ತೀನಿ" ಎನ್ನುತ್ತಾರೆ ಮಾಯಮ್ಮ. ಎಲ್ಲರೂ ನಗುತ್ತಾರೆ. ಪುಟ್ಟರಾಜುವಿಗೂ ಹಬ್ಬದ ಔದಾರ್ಯ. "ಇನ್ನೇನು ಒಳೀಕೇ ಬಂದು ನೋಡ್ದಂಗಾಯ್ತಲ್ಲ ಮಾಯಮ್ಮ. ಮುಂದ್ಲೊರ್ಸದಿಂದ ಎಡ್ಗಡೆನೂ ಕೆಂಪು ಬಳ್ದು ಸರಿ ಮಾಡ್ಬುಡು" ಎನ್ನುತ್ತಾರೆ.

ಮಾಯಮ್ಮ ಬೇವಿನ ಕಹಿಗೆ ಮುಖ ಕಿವುಚುತ್ತಾ ಬಾಗಿಲ ಎಡಗಡೆಗೆ ಹೋಗುತ್ತಾರೆ. ಆ ಬಿಳಿಯ ಮೇಲೆ ಹೆಬ್ಬೆರಳು ಊರಿ, ಕಿರುಬೆರಳು ಚಾಚುತ್ತಾರೆ. ಅವರ ಪುಟ್ಟ ಅಂಗೈಗೆ ಅದು ಸರಿಯಾಗಿ ಒಂದು ಗೇಣು.

"ಬ್ಯಾಡಿ ಸ್ವಾಮಿ, ಅದು ಅಂಗೇ ಇರ್ಲಿ. ಒಳೀಕೆ ಎಲ್ರೂ ಬಂದು ನೋಡ್ತಾರೆ. ಒಬ್ಳು ಇಲ್ಲಿ, ಈಚೆಲೇ ನಿಂತು ನೋಡಿದ್ಲು ಅಂತ ಗ್ವಾಡೆಗಾದ್ರೂ ಗೊತ್ತಿರ್ಲಿ."